ಹಳೇ ಡಬ್ಬದ ಧೂಳು

ಲ್ಯಾಬಿನಲ್ಲಿ ಅವಳನ್ನು ಎಲ್ಲರೂ ಫ್ಯಾನಮ್ಮ ಎಂದೇ ಕರೆಯುತ್ತಿದ್ದರು. ಆ ಹೆಸರು ಇಟ್ಟವರು ಯಾರೋ, ಅದು ಅಂಟಿಕೊಂಡದ್ದು ಯಾವಾಗಲೋ, ಅವಳಿಗೂ ನೆನಪಿಲ್ಲ. ಟಿವಿಗೆ ಜೋಡಿಸಿಕೊಂಡು ಆಡುವ ಗೇಮ್ ಕನ್ಸೋಲ್ ತಯಾರಿಸುವ ಕಂಪನಿ ಅದು. ಅಲ್ಲಿನವರ ಬಾಯಲ್ಲಿ ಕನ್ಸೋಲ್ ಅಂದರೆ ಬರೀ ಡಬ್ಬ. ಆ ಡಬ್ಬದೊಳಗೆ ಬಿಸಿಯಾಗುವುದನ್ನೆಲ್ಲ ತಣ್ಣಗಿಡುವುದು ಅವಳ ಕೆಲಸ. ಚಿಪ್ ಮಾಡುವವರು ಮೆರೆಯುತ್ತಾರೆ, ಆಟ ಬರೆಯುವವರು ಮೆರೆಯುತ್ತಾರೆ, ಡಬ್ಬಕ್ಕೆ ಬಣ್ಣ ಆರಿಸುವವನೂ ತನ್ನ ಕೈಲಾದಷ್ಟು ಮೆರೆಯುತ್ತಾನೆ. ಫ್ಯಾನಿನವರನ್ನು ಮಾತ್ರ ಕೇಳುವವರಿಲ್ಲ. ಡಬ್ಬ ಸುಟ್ಟ ವಾಸನೆ ಬಂದ ದಿನ ಹುಡುಕಿಕೊಂಡು ಬರುತ್ತಾರೆ, ಅಷ್ಟೆ.

ಮಗ ಹೋದ ಮೇಲೆ ಅವಳು ಕೆಲವೇ ದಿನ ರಜೆ ಹಾಕಿ ಮತ್ತೆ ಕೆಲಸಕ್ಕೆ ಬಂದಳು. ಪರೀಕ್ಷೆ ಬರೆಯಲೆಂದು ಬೈಕಿನಲ್ಲಿ ಹೊರಟ ಹುಡುಗ, ತಿರುವಿನಲ್ಲಿ ಲಾರಿ, ಅಷ್ಟೇ ಕಥೆ. ಕೆಲವರು ಅವಳನ್ನು ಗಟ್ಟಿ ಹೆಂಗಸು ಅಂದರು, ಕೆಲವರು ಬೆನ್ನ ಹಿಂದೆ ಕಲ್ಲು ಅಂದರು. ಎರಡೂ ಅಲ್ಲ. ಕಾಲು ಮಡಿಸಿಕೊಂಡು ಬಹಳ ಹೊತ್ತು ಕೂತರೆ ಜೋಮು ಹಿಡಿಯುತ್ತದಲ್ಲ, ಕಾಲೇನೋ ಇದೆ, ಆದರೆ ನಮ್ಮದಲ್ಲ ಅನ್ನಿಸುತ್ತದಲ್ಲ, ಅವಳಿಗೆ ಇಡೀ ಮೈಗೆ ಹಾಗಾಗಿತ್ತು. ಅಳು ಬರಲಿಲ್ಲ. ಸಿಟ್ಟೂ ಬರಲಿಲ್ಲ. ಹಸಿವು ಕೂಡ ಗಡಿಯಾರ ನೋಡಿದ ಮೇಲೇ ನೆನಪಾಗುತ್ತಿತ್ತು.

ಅಂಥ ಒಂದು ದಿನ ಹೊಸ ಮಾಡೆಲ್‌ನ ಮೀಟಿಂಗ್ ಕರೆದರು. ಚಿಪ್ ವಿಭಾಗದ ಹುಡುಗಿ ತನ್ನ ಬೆರಳ ತುದಿಯ ಮೇಲೆ ಕಪ್ಪು ಚೂರೊಂದನ್ನು ಇಟ್ಟುಕೊಂಡು ಎಲ್ಲರಿಗೂ ತೋರಿಸಿದಳು.

"ಹಳೇ ಡಬ್ಬದಲ್ಲಿರೋ ಚಿಪ್ಪೇ ಇದು. ಅದೇ ಕೆಲಸ, ಅದೇ ವೇಗ. ಹೊಸ ಕಾರ್ಖಾನೆಯಲ್ಲಿ ಒಳಗಿನ ಗೆರೆಗಳನ್ನ ಇನ್ನೂ ಸಣ್ಣಗೆ ಎಳೀತಾರೆ, ಅದಕ್ಕೇ ಇಷ್ಟು ಪುಟ್ಟದಾಗಿದೆ. ಕರೆಂಟು ಮೊದಲಿನ ಅರ್ಧ ಸಾಕು."

"ಬೆಲೆನೂ ಅರ್ಧ ತಾನೇ?" ಮುಖ್ಯಸ್ಥರು ಆಸೆಯಿಂದ ಕೇಳಿದರು.

"ಅದೊಂದು ಕೇಳಬೇಡಿ ಸಾರ್. ಮುಂಚೆ ಚಿಪ್ ಸಣ್ಣದಾದ್ರೆ ತಾನಾಗೇ ಅಗ್ಗ ಆಗ್ತಿತ್ತು. ಈಗ ಆ ಸಣ್ಣ ಗೆರೆ ಎಳೆಯೋದೇ ದುಬಾರಿ. ಚಿಪ್‌ನಲ್ಲಿ ಉಳಿಯೋದು ಏನೂ ಇಲ್ಲ. ಶಾಖ ಕಡಿಮೆ ಆಗುತ್ತಲ್ಲ, ಉಳಿಸೋದಿದ್ರೆ ಅಲ್ಲಿ ಉಳಿಸಬೇಕು."

ಎಲ್ಲರ ಕಣ್ಣೂ ಫ್ಯಾನಮ್ಮನ ಕಡೆ ತಿರುಗಿದವು. ಚಿಪ್‌ನ ಮೇಲೆ ಕೂರುವ ಹೀಟ್ ಸಿಂಕ್, ಅಂದರೆ ಶಾಖ ಹೀರಿಕೊಳ್ಳುವ ಆ ಲೋಹದ ರೆಕ್ಕೆಗಳ ಗಟ್ಟಿ, ಹಳೇ ಡಬ್ಬದಲ್ಲಿ ಇಟ್ಟಿಗೆಯಷ್ಟಿತ್ತು. ಇನ್ನು ಬಿಸ್ಕತ್ತಿನಷ್ಟು ಸಾಕು. ತಾಮ್ರದ ತಟ್ಟೆ ಬೇಡ. ದೊಡ್ಡ ಫ್ಯಾನ್ ಬೇಡ, ಅಂಗೈಯೊಳಗೆ ಹಿಡಿಸುವಂಥದ್ದು ಸಾಕು, ಅದೂ ನಿಧಾನವಾಗಿ ತಿರುಗಿದರೆ ಸಾಕು. ಡಬ್ಬ ಅರ್ಧಕ್ಕರ್ಧ ತೆಳ್ಳಗಾಗುತ್ತದೆ, ಒಂದು ಪೆಟ್ಟಿಗೆಯಲ್ಲಿ ಎರಡರಷ್ಟು ತುಂಬಿ ಕಳಿಸಬಹುದು. ವರ್ಷಗಟ್ಟಲೆ ಕೂತು ಅವಳು ಮಾಡಿದ್ದನ್ನೆಲ್ಲ ಒಂದೊಂದಾಗಿ ಹೊರಗಿಡುತ್ತಿದ್ದರು. ಬೇರೆಯವರ ಮನೆ ಸಾಮಾನು ಸಾಗಿಸುವುದನ್ನು ನೋಡುವಂತೆ ಅವಳು ನೋಡಿದಳು.

ಮುಖ್ಯಸ್ಥರಿಗೆ ಹುಮ್ಮಸ್ಸು ಬಂದಿತ್ತು. "ಚೂರೂ ಸದ್ದಿರಲ್ಲ! ಇನ್ನು ಯಾವ ತಾಯಿಗೂ ಮಗ ಕೋಣೇಲಿ ಆಡ್ತಿದಾನೋ ಇಲ್ಲವೋ ಅಂತ ಗೊತ್ತೇ ಆಗಲ್ಲ ನೋಡಿ," ಎಂದು ನಕ್ಕರು. ನಕ್ಕ ಮೇಲೆ ಎದುರಿಗೆ ಕೂತವಳು ಯಾರೆಂದು ನೆನಪಾಗಿ ಅವರ ಮುಖ ಸಣ್ಣದಾಯಿತು. ಉಳಿದವರೆಲ್ಲ ತಮ್ಮ ತಮ್ಮ ನೀರಿನ ಲೋಟ ನೋಡತೊಡಗಿದರು.

ಫ್ಯಾನಮ್ಮನಿಗೆ ಏನೂ ಅನ್ನಿಸಲಿಲ್ಲ. ಎಲ್ಲರೂ ಯಾಕೆ ಬಾಯಿ ಮುಚ್ಚಿಕೊಂಡರು ಎಂದು ಒಂದು ಕ್ಷಣ ನೋಡಿ, ತನ್ನ ಮಾತಿಗೇ ಕಾಯುತ್ತಿರಬೇಕು ಎಂದುಕೊಂಡು ಬಾಯಿ ತೆರೆದಳು.

"ಒಂದು ತೊಂದರೆ ಇದೆ. ಸಣ್ಣ ಫ್ಯಾನ್ ಧೂಳು ಕಡಿಮೆ ಎಳೆದುಕೊಳ್ಳುತ್ತೆ, ನಿಜ. ಆದ್ರೆ ಅದಕ್ಕೆ ಸ್ವಲ್ಪ ಧೂಳೇ ಸಾಕು ಉಸಿರು ಕಟ್ಟೋಕೆ. ನಾವು ಇಲ್ಲಿ ಯಂತ್ರದಲ್ಲಿ ಊದೋ ಧೂಳು ಬೇರೆ, ಮನೆ ಧೂಳು ಬೇರೆ. ಮನೆ ಡಬ್ಬಗಳನ್ನೆಲ್ಲ ವಾಪಸ್ ತರಿಸೋಣ. ಬಿಚ್ಚಿ, ಎಷ್ಟು ಧೂಳು ಕೂತಿದೆ ಅಂತ ನೋಡಿ ಆಮೇಲೆ ನಿರ್ಧಾರ ಮಾಡೋಣ."

ಮನೆ ಡಬ್ಬ ಅಂದರೆ ಆ ಲ್ಯಾಬಿನ ಹಳೇ ಪದ್ಧತಿ. ಯಾವುದೇ ಮಾಡೆಲ್ ಹೊರಬಂದಾಗ ಕೆಲವು ನೌಕರರ ಮನೆಗೆ ಒಂದೊಂದು ಡಬ್ಬ ಪುಕ್ಕಟೆ ಕೊಡುತ್ತಿದ್ದರು. ಷರತ್ತು ಎರಡೇ. ಅದನ್ನು ಎಂದೂ ಬಿಚ್ಚಿ ಶುಚಿ ಮಾಡಬಾರದು, ನಾಲ್ಕು ಜನರ ಮನೆಯಲ್ಲಿ ಹೇಗೆ ಬಿದ್ದಿರುತ್ತದೋ ಹಾಗೇ ಇರಬೇಕು. ಮತ್ತೆ ಕಂಪನಿ ಕೇಳಿದ ದಿನ ತಂದೊಪ್ಪಿಸಬೇಕು.

"ಭೇಷ್," ಅಂದರು ಮುಖ್ಯಸ್ಥರು, ಮಾತು ಬೇರೆ ಕಡೆ ಹೊರಳಿದ ಖುಷಿಗೆ. "ಈ ವಾರವೇ ತರಿಸಿ."

ಸಂಜೆ ಬಸ್ಸು ಸೇತುವೆ ಹತ್ತುವಾಗ ಅವಳಿಗೆ ಹೊಳೆಯಿತು, ಆ ಮನೆಗಳಲ್ಲಿ ತನ್ನದೂ ಒಂದು. ಹೊಳೆದದ್ದೇನೋ ಹೊಳೆಯಿತು, ಎದೆ ಧಸಕ್ಕೆನ್ನಬೇಕಿತ್ತು, ಅನ್ನಲಿಲ್ಲ. ಟಿಕೆಟನ್ನು ಮಡಿಸಿ, ಮತ್ತೆ ಬಿಡಿಸಿ, ಮತ್ತೆ ಮಡಿಸುತ್ತಾ ಕೂತಳು.

ಅವರ ಮನೆಯ ಮುಂದಿನ ಕೋಣೆಯೇ ಗಂಡನ ಟೈಲರ್ ಅಂಗಡಿ. ಅದರ ಹಿಂದೆ ಅಡುಗೆಮನೆ. ಅಡುಗೆಮನೆಯ ಗೋಡೆಗೆ ಗೋಡೆ ಹಚ್ಚಿಕೊಂಡು ಮಗನ ಕೋಣೆ. ಮಗನನ್ನು ಮನೆಯಲ್ಲಿ ದೊರೆ ಎನ್ನುತ್ತಿದ್ದರು. ಶಾಲೆಯ ನಾಟಕದಲ್ಲಿ ಅವನು ರಾಜನಾಗಿದ್ದ. ಅಪ್ಪ ಕೆಂಪು ಮಖಮಲ್ಲಿನಲ್ಲಿ ನೆಲಕ್ಕೆ ಎಳೆಯುವಂಥ ನಿಲುವಂಗಿ ಹೊಲಿದುಕೊಟ್ಟಿದ್ದ. ನಾಟಕ ಮುಗಿದ ಮೇಲೂ ಹುಡುಗ ಅದನ್ನು ಬಿಚ್ಚಲು ಒಪ್ಪದೆ, ಅದರಲ್ಲೇ ಉಂಡು, ಅದರಲ್ಲೇ ಮಲಗಿ, ಅದರಲ್ಲೇ ಗೇಮ್ ಆಡಿದ. ನಿಲುವಂಗಿ ಹರಿದರೂ ಹೆಸರು ಉಳಿಯಿತು.

ಡಬ್ಬ ಇದ್ದದ್ದು ಅವನ ಮಂಚದ ಪಕ್ಕದ ತಗ್ಗು ಶೆಲ್ಫಿನಲ್ಲಿ, ಹೊದಿಕೆಯ ಅಂಚು ತಾಗುವ ಜಾಗದಲ್ಲಿ. ಬಂದ ಹೊಸದರಲ್ಲಿ ಅದು ಮೆಲ್ಲಗೆ ಗುಂಯ್‌ಗುಡುತ್ತಿತ್ತು. ವರ್ಷ ಕಳೆದಂತೆ ಸದ್ದು ಏರಿತು. ಯಾಕೆ ಅನ್ನುವುದು ಫ್ಯಾನಮ್ಮನಿಗೆ ಚೆನ್ನಾಗಿ ಗೊತ್ತು. ರೆಕ್ಕೆಗಳ ಸಂದಿಯಲ್ಲಿ ಧೂಳು ಕೂತರೆ ಗಾಳಿ ಹೋಗುವುದಿಲ್ಲ, ಗಾಳಿ ಹೋಗದಿದ್ದರೆ ಚಿಪ್ ಬಿಸಿಯಾಗುತ್ತದೆ, ಚಿಪ್ ಬಿಸಿಯಾದರೆ ಫ್ಯಾನ್ ಜೋರಾಗಿ ತಿರುಗುತ್ತದೆ. ಕೊನೆಕೊನೆಗೆ ಅಡುಗೆಮನೆಯ ಗೋಡೆಗೆ ನೇತುಹಾಕಿದ ಸೌಟುಗಳು ಆ ಸದ್ದಿಗೆ ಸಣ್ಣಗೆ ನಡುಗುತ್ತಿದ್ದವು. ಅವಳು ಗೋಡೆಗೆ ಬಾಯಿ ಕೊಟ್ಟು ಕೂಗುತ್ತಿದ್ದಳು, "ದೊರೇ, ಊಟಕ್ಕೆ ದಯಮಾಡಿಸ್ತೀರೋ, ಇಲ್ಲ ತಟ್ಟೆ ತೊಳೆದಿಡ್ಲೋ?" ಆ ಕಡೆಯಿಂದ ಒಂದೇ ಉತ್ತರ ಬರುತ್ತಿತ್ತು, "ಎರಡೇ ನಿಮಿಷ!" ಆ ಎರಡು ನಿಮಿಷದಲ್ಲಿ ಅಡುಗೆಯೆಲ್ಲ ಆರಿ ತಣ್ಣಗಾಗುತ್ತಿತ್ತು.

ಅವನು ಹೋದ ಮೇಲೆ ಆ ಗೋಡೆ ಮೂಕವಾಯಿತು. ಕೆಲವು ವಾರ ಕಳೆದ ಮೇಲೆ ಒಂದು ಸಂಜೆ ಅವಳು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಾಗ ಗೋಡೆಯಾಚೆ ಗುಂಯ್ ಎಂದು ಶುರುವಾಯಿತು. ಕೈಯಲ್ಲಿ ಚಾಕು ಹಿಡಿದವಳು ಹಾಗೇ ನಿಂತಳು. ಗಂಡ ಆ ಕೋಣೆಯಿಂದ ಹೊರಗೆ ಬಂದ. "ಸುಮ್ನೆ ಹಾಕ್ದೆ," ಅಂದ, ಅವಳ ಮುಖ ನೋಡದೆ. ಅವನಿಗೆ ಆಡಲು ಬರುವುದಿಲ್ಲ. ಟಿವಿಯಲ್ಲಿ ದಡಕ್ಕೆ ಕಟ್ಟಿದ ಒಂದು ದೋಣಿ ಅಲುಗಾಡುತ್ತಿತ್ತು, ಆಟ ಶುರು ಮಾಡಲು ಗುಂಡಿ ಒತ್ತಿ ಎಂದು ಕೆಳಗೆ ಬರೆದಿತ್ತು. ಅವನು ಒತ್ತಿರಲಿಲ್ಲ.

ಆವತ್ತಿನಿಂದ ಅದು ದಿನಚರಿಯಾಯಿತು. ಅಂಗಡಿ ಮುಚ್ಚಿದ ಕೂಡಲೇ ಗಂಡ ಡಬ್ಬ ಹಾಕುತ್ತಾನೆ, ಇಬ್ಬರೂ ಆ ಸದ್ದಿನಲ್ಲಿ ಊಟ ಮಾಡುತ್ತಾರೆ, ಊಟವಾದ ಮೇಲೆ ಆರಿಸುತ್ತಾನೆ. ಈ ಬಗ್ಗೆ ಒಬ್ಬರೂ ಉಸಿರೆತ್ತಿದವರಲ್ಲ. ಕರೆಂಟು ಹೋದ ಸಂಜೆ ಮಾತ್ರ ಇಬ್ಬರ ತಟ್ಟೆಯಲ್ಲೂ ಊಟ ಹಾಗೇ ಉಳಿಯುತ್ತಿತ್ತು.

"ದೊರೆ ಕೋಣೇಲಿರೋ ಡಬ್ಬ ಕಂಪನಿಗೆ ಬೇಕಂತೆ ರೀ," ಅಂದಳು ಅವಳು ಮನೆಗೆ ಬಂದವಳೇ.

ಗಂಡ ಸೂಜಿಗೆ ದಾರ ಪೋಣಿಸುತ್ತಿದ್ದ. "ಕಂಪನಿ ಅಂದ್ರೆ ಯಾರು?"

"ನಾನೇ. ಮೀಟಿಂಗಲ್ಲಿ ನಾನೇ ಹೇಳಿದ್ದು, ಎಲ್ಲಾ ತರಿಸಿ ಅಂತ. ನಮ್ಮನೇದೂ ಅದರಲ್ಲಿದೆ ಅಂತ ಹೊಳೀಲೇ ಇಲ್ಲ."

"ಹೊಳೀಲಿಲ್ಲ," ಎಂದ ಅವನು. ದಾರ ಸೂಜಿಯ ಕಣ್ಣು ತಪ್ಪಿ ಪಕ್ಕಕ್ಕೆ ಹೋಯಿತು. ಬೇರೆ ಗಂಡಸಾಗಿದ್ದರೆ ಮನೆ ಮೇಲಿನ ಹೆಂಚು ಹಾರಿಹೋಗುವ ಹಾಗೆ ರೇಗುತ್ತಿದ್ದ. ಇವನು ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ಮತ್ತೆ ಪೋಣಿಸಿದ. "ಕೊಡಲ್ಲ ಅಂತ ಹೇಳು."

"ಹೇಳಬೋದು. ಯಾಕೆ ಅಂತ ಕೇಳ್ತಾರೆ."

ಯಾಕೆ ಎಂದು ಅವರಿಬ್ಬರೇ ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ, ಇನ್ನು ಆಫೀಸಿನ ನಾಲ್ಕು ಜನರೆದುರು ಹೇಳುವುದು ಹೇಗೆ?

"ವಾಪಸ್ ತರ್ತೀಯಾ?"

"ತರ್ತೀನಿ. ಪರೀಕ್ಷೆ ಆದ್ಮೇಲೆ ಯಾರ ಮನೇದು ಅವರಿಗೇ ಕೊಡ್ತಾರೆ."

"ಹೀಗೇ?"

"ಹೀಗೇ. ಯಾರ ಕೈಗೂ ಕೊಡಲ್ಲ, ಬಿಚ್ಚಲ್ಲ. ತೂಕ ಮಾಡಿ, ಸದ್ದು ಅಳೆದು, ಹಾಗೇ ಎತ್ಕೊಂಡು ಬರ್ತೀನಿ."

ಅವನು ಎದ್ದು ಕೋಣೆಗೆ ಹೋದ. ಕೊರಳಲ್ಲಿದ್ದ ಟೇಪು ತೆಗೆದು, ಯಾರಿಗೋ ಕೋಟು ಹೊಲಿಯುವವನ ಹಾಗೆ ಡಬ್ಬದ ಉದ್ದ, ಅಗಲ, ಎತ್ತರ ಅಳೆದ. ಒಳಗೆ ಮೆತ್ತನೆಯ ಬಟ್ಟೆ ಕೊಟ್ಟು, ಬಾಯಿಗೆ ದಾರ ಏರಿಸಿ ಒಂದು ಚೀಲ ಹೊಲಿದುಕೊಟ್ಟ. ಮದುವೆ ಆರ್ಡರುಗಳು ರಾಶಿ ಬಿದ್ದಿದ್ದವು. ಅವನ್ನೆಲ್ಲ ಪಕ್ಕಕ್ಕೆ ಸರಿಸಿದ್ದ.

ಹಳೇದು ಒಯ್ದವರಿಗೆ ಕಂಪನಿ ಹೊಸ ಮಾಡೆಲ್‌ನ ಒಂದು ಮಾದರಿ ಕೊಟ್ಟು ಕಳಿಸಿತು, ಮನೆಯಲ್ಲಿ ಇಟ್ಟು ನೋಡಿ ಎಂದು. ತೆಳ್ಳಗೆ ಪುಸ್ತಕದಷ್ಟಿತ್ತು. ಗಂಡ ಅಂಗಡಿ ಮುಚ್ಚಿ ಬಂದು ಅದನ್ನು ಹಾಕಿದ, ಶೆಲ್ಫಿನ ಹತ್ತಿರ ಬಗ್ಗಿ ಕಿವಿಗೊಟ್ಟ.

"ಹತ್ತಿದೆಯೇನೇ ಇದು?"

"ಹತ್ತಿದೆ. ದೀಪ ಉರೀತಿದೆ ನೋಡಿ."

"ಉಸಿರೇ ಇಲ್ಲವಲ್ಲ."

"ಅದೇ ಅದರ ಹೆಚ್ಚುಗಾರಿಕೆ."

ಅವನು ಎರಡು ತುತ್ತು ತಿಂದು ಕೈ ತೊಳೆದುಕೊಂಡ.

ಲ್ಯಾಬಿನಲ್ಲಿ ಡಬ್ಬ ಬಿಚ್ಚುವ ಕೆಲಸ ಸ್ಕ್ರೂ ಅಣ್ಣನದು. ಅವನ ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ, ಕಣ್ಣೀರು ರೆಪ್ಪೆಯಂಚಿನಲ್ಲೇ ಇರುತ್ತಿತ್ತು. ದೊರೆಯ ಮಣ್ಣಿಗೆ ಬಂದಾಗ ಎಲ್ಲರಿಗಿಂತ ಜೋರಾಗಿ ಅತ್ತಿದ್ದವನು ಅವನೇ. ಈಗ ಒಂದೊಂದೇ ಡಬ್ಬ ಬಿಚ್ಚುತ್ತಾ ವರದಿ ಒಪ್ಪಿಸುತ್ತಿದ್ದ. ಒಂದರಲ್ಲಿ ಬೆಕ್ಕಿನ ಕೂದಲು, ಒಂದರಲ್ಲಿ ಜಿರಲೆ ಸಂಸಾರ. ಮುಖ್ಯಸ್ಥರ ಮನೆಯದರಿಂದ ಒಂದು ಚಿನ್ನದ ಓಲೆ ಉರುಳಿಬಿತ್ತು. ಅದೇ ಓಲೆಯ ದೆಸೆಯಿಂದ ಅವರ ಹೆಂಡತಿ ನಾದಿನಿಯ ಜೊತೆ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತಂತೆ. ಇಡೀ ಲ್ಯಾಬು ಬಿದ್ದು ಬಿದ್ದು ನಕ್ಕಿತು. ಎಲ್ಲರೂ ನಗುತ್ತಿದ್ದಾರೆ ಎಂದು ಫ್ಯಾನಮ್ಮನೂ ತುಟಿ ಹಿಗ್ಗಿಸಿದಳು.

ಅವಳ ಚೀಲ ಅವಳ ಮೇಜಿನ ಕೆಳಗೇ ಇತ್ತು. "ಅದು ನಮ್ಮನೇದು, ನಾನೇ ನೋಡ್ಕೋತೀನಿ," ಎಂದಷ್ಟೇ ಹೇಳಿದ್ದಳು. ಅಷ್ಟರಲ್ಲಿ ಹೊಸ ಚಿಪ್‌ನ ಬಗ್ಗೆ ಮಾತಾಡಲು ಕಾರ್ಖಾನೆಯವರು ಕರೆದರು. ಅಲ್ಲಿ ಅವಳಿಗೆ ಮೈಯೆಲ್ಲ ಮುಚ್ಚುವ ಬಿಳಿ ಅಂಗಿ ತೊಡಿಸಿ, ಗಾಜಿನಾಚೆ ನಡೆಯುವ ಕೆಲಸ ತೋರಿಸಿದರು. ಒಂದು ಕಣ ಧೂಳು ಬಿದ್ದರೂ ಚಿಪ್ ಹಾಳು, ಅದಕ್ಕೇ ಈ ಕೋಣೆಯ ಗಾಳಿಯನ್ನು ಮತ್ತೆ ಮತ್ತೆ ಸೋಸುತ್ತೇವೆ, ಇಲ್ಲಿ ಮನುಷ್ಯನೇ ದೊಡ್ಡ ಕೊಳೆ ಎಂದು ಅಲ್ಲಿನವನು ಹೆಮ್ಮೆಯಿಂದ ಹೇಳಿದ. ಅವಳು ತಲೆಯಾಡಿಸಿದಳು.

ಅವಳು ವಾಪಸ್ ಬಂದಾಗ ಡಬ್ಬ ಅವಳ ಮೇಜಿನ ಮೇಲಿತ್ತು. ಅಂಗಡಿಯಿಂದ ಈಗ ತಂದಂತೆ ಹೊಳೆಯುತ್ತಿತ್ತು. ಗಂಡ ಹೊಲಿದ ಚೀಲ ಪಕ್ಕದಲ್ಲಿ ನೀಟಾಗಿ ಮಡಿಸಿಟ್ಟಿತ್ತು.

"ಅಕ್ಕಾ," ಎಂದ ಸ್ಕ್ರೂ ಅಣ್ಣ. ಅವನ ಕಣ್ಣು ಆಗಲೇ ತುಂಬಿದ್ದವು. "ಹೆತ್ತ ಮಗ ಆಡಿದ ಡಬ್ಬ, ಅದನ್ನ ನಿಮ್ಮ ಕೈಯಿಂದಲೇ ಬಿಚ್ಚಿಸೋದು ಬೇಡ ಅನ್ನಿಸ್ತು. ನಾನೇ ಎಲ್ಲಾ ಮಾಡಿದೀನಿ. ಫ್ಯಾನಿಗೆ ಎಣ್ಣೆ ಬಿಟ್ಟಿದೀನಿ, ಚಿಪ್ ಮೇಲೆ ಶಾಖ ದಾಟಿಸೋ ಪೇಸ್ಟ್ ಹೊಸದು ಹಾಕಿದೀನಿ. ಹೊಸದರ ಥರ ಓಡ್ತಿದೆ. ಕೇಳಿ, ಸದ್ದೇ ಇಲ್ಲ."

ಅವನು ಹಾಕಿ ತೋರಿಸಿದ. ಸದ್ದೇ ಇರಲಿಲ್ಲ.

ಅವಳು ಸಿಟ್ಟಿಗಾಗಿ ಕಾದಳು, ಬರಲಿಲ್ಲ. ಅಳುವಿಗಾಗಿ ಕಾದಳು, ಅದೂ ಬರಲಿಲ್ಲ. ಪಾಪ, ಈ ಮನುಷ್ಯ ಊಟ ಬಿಟ್ಟು ಕೂತು ಇಷ್ಟು ಮಾಡಿದ್ದಾನೆ ಎಂದು ಮಾತ್ರ ಅನ್ನಿಸಿತು, ಅದೂ ಎಲ್ಲೋ ದೂರದಲ್ಲಿ. "ಒಳ್ಳೇದು ಮಾಡಿದ್ರಿ," ಅಂದಳು. ಆಮೇಲೆ ಕೇಳಿದಳು, "ಧೂಳು?"

"ಇಲ್ಲೇ ಇದೆಯಲ್ಲ," ಎಂದು ಅವನು ಶೆಲ್ಫಿನಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದ. ವರದಿಗೆ ಸಹಿ ಬೀಳುವ ತನಕ ಯಾವ ಮನೆಯ ಧೂಳನ್ನೂ ಎಸೆಯುವ ಹಾಗಿರಲಿಲ್ಲ. "ಬಹಳ ಹುಷಾರಾಗಿ ತೆಗೆದೆ ಅಕ್ಕಾ. ಕಂಬಳಿ ಚೂರಿನ ಹಾಗೆ ಇಡೀ ಹಾಳೆಯಾಗಿ ಎದ್ದು ಬಂತು. ತೂಕ, ಫೋಟೋ ಎಲ್ಲಾ ಆಗಿದೆ. ಬಿಸಾಡಿಬಿಡ್ಲಾ?"

"ಬೇಡ," ಎಂದಳು ಅವಳು. "ಅದು ನನಗೆ ಬೇಕು."

ಮಗ ಹೋದ ಮೇಲೆ ಅವಳು ಏನನ್ನಾದರೂ ಬೇಕು ಎಂದದ್ದು ಅದೇ ಮೊದಲು. ಕವರನ್ನು ಕೈಚೀಲದೊಳಗೆ, ಕೊಡೆಯ ಪಕ್ಕ ಇಟ್ಟುಕೊಂಡಳು. ಸ್ಕ್ರೂ ಅಣ್ಣ ನೋಡುತ್ತಾ ನಿಂತ.

ಆ ಸಂಜೆ ಗಂಡ ಡಬ್ಬವನ್ನು ಅದರ ಜಾಗದಲ್ಲಿಟ್ಟು ಹಾಕಿದ. ಅವಳು ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿಕೊಂಡು ನಿಂತಿದ್ದಳು. ಗೋಡೆ ತೆಪ್ಪಗಿತ್ತು. ಸೌಟುಗಳು ತೆಪ್ಪಗಿದ್ದವು.

ಅವನು ಬಾಗಿಲಿಗೆ ಬಂದ. "ಇದು ಅದಲ್ಲ."

"ಅದೇ ರೀ. ನಾನು ಇಲ್ಲದಾಗ ಕ್ಲೀನ್ ಮಾಡಿಬಿಟ್ಟಿದಾರೆ."

"ಹೀಗೇ ತರ್ತೀನಿ ಅಂದಿದ್ದೆ."

"ಅಂದಿದ್ದೆ."

ಅವನು ಅಂಗಡಿಗೆ ಹೋದ. ಸ್ವಲ್ಪ ಹೊತ್ತಿನ ಮೇಲೆ ಹೊಲಿಗೆ ಮೆಷಿನ್ನು ಓಡುವುದು ಕೇಳಿಸಿತು. ಅವಳು ಇಣುಕಿ ನೋಡಿದಳು. ಸೂಜಿಯ ಕೆಳಗೆ ಬಟ್ಟೆಯಿಲ್ಲ, ಸೂಜಿಯಲ್ಲಿ ದಾರವಿಲ್ಲ. ಬರೀ ಮೆಷಿನ್ ತುಳಿಯುತ್ತಾ ಕೂತಿದ್ದ. ಕೈಚೀಲದಲ್ಲಿದ್ದ ಕವರಿನ ವಿಷಯ ಅವಳ ನಾಲಿಗೆ ತುದಿಗೆ ಬಂತು. ಆದರೆ ಅದು ಆಗುವ ಕೆಲಸವೋ ಅಲ್ಲವೋ, ಮತ್ತೊಂದು ಮಾತು ಕೊಟ್ಟು ತಪ್ಪುವುದು ಬೇಡವೆಂದು ಬಾಯಿಗೆ ಬೀಗ ಹಾಕಿಕೊಂಡಳು.

ರಜೆಯ ದಿನ ಬೆಳಿಗ್ಗೆ, ಅಂಗಡಿಯ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಬಿಸಿಲು ಬಿದ್ದಿದ್ದಾಗ, ಅವಳು ಡಬ್ಬವನ್ನು ತಂದಿಟ್ಟು ಬಿಚ್ಚಿದಳು. ಪಕ್ಕದಲ್ಲಿ ಕವರು ಇಟ್ಟಳು.

"ಇದೇನೇ?"

"ಅವನ ಕೋಣೆ ಧೂಳು. ಇದರ ಒಳಗಿತ್ತು. ಇದನ್ನ ಹೇಗಿತ್ತೋ ಹಾಗೇ ವಾಪಸ್ ಕೂರಿಸಬೇಕು. ನನ್ನ ಬೆರಳು ದಪ್ಪ, ನನ್ನ ಕೈಲಾಗಲ್ಲ."

ಅವನು ಕವರನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಕನ್ನಡಕ ಹಾಕಿಕೊಂಡು, ಕೈ ತೊಳೆದುಕೊಂಡು ಬಂದ. ಸಣ್ಣ ಚಿಮಟ, ಎರಡು ಉದ್ದನೆಯ ಸೂಜಿ ತೆಗೆದುಕೊಂಡ. ಬೆಣ್ಣೆಯಿಂದ ಕೂದಲು ತೆಗೆಯುವವನ ಹಾಗೆ ಆ ಬೂದು ಹಾಳೆಯನ್ನು ಹೊರಗೆಳೆದು ಬಿಳಿ ಬಟ್ಟೆಯ ಮೇಲೆ ಮಲಗಿಸಿದ. ಅದರಲ್ಲಿ ರೆಕ್ಕೆಗಳ ಗುರುತು ಗೆರೆ ಗೆರೆಯಾಗಿ ಹಾಗೇ ಉಳಿದಿತ್ತು. ಇಬ್ಬರೂ ಉಸಿರು ಬಿಗಿಹಿಡಿದರು, ಊದಿದರೆ ಹಾರಿಹೋಗುತ್ತದೆ ಎಂದು.

"ಇದು ನಿನ್ನ ಹಸಿರು ಸ್ವೆಟರಿಂದು," ಎಂದ ಅವನು, ಸೂಜಿಯ ತುದಿಯಲ್ಲಿ ಒಂದು ಎಳೆ ತೋರಿಸಿ. "ಇದು ಅವನ ಹೊದಿಕೆ. ಈ ಬಿಳಿಯದೆಲ್ಲ ನನ್ನ ಅಂಗಡೀದು." ಹಾಳೆಯ ಒಂದು ಅಂಚನ್ನು ಎತ್ತಿದ. ಎಲ್ಲಕ್ಕಿಂತ ಅಡಿಯಲ್ಲಿ, ಮೊದಮೊದಲು ಕೂತ ಪದರದಲ್ಲಿ, ಕುಂಕುಮ ಚಿಮುಕಿಸಿದ ಹಾಗೆ ಕೆಂಪು ನವಿರು ಇತ್ತು. ಅವನ ಕೈ ನಿಂತಿತು. "ಮಖಮಲ್," ಎಂದ.

ಇಬ್ಬರೂ ಅದನ್ನು ನೋಡಿದರು. ನಿಲುವಂಗಿ ಎಳೆದುಕೊಂಡು ಮನೆ ತುಂಬ ಓಡಾಡುತ್ತಿದ್ದ ಪುಟ್ಟ ದೊರೆ.

ಅವಳ ಕಣ್ಣು ಮೇಲಿನ ಪದರದಲ್ಲಿದ್ದ ಒಂದು ನೀಲಿ ಎಳೆಗೆ ಸಿಕ್ಕಿಕೊಂಡಿತು. ಅದು ದಾರವಲ್ಲ. ಕಾಲೇಜು ಸೇರಿದ ಹೊಸದರಲ್ಲಿ ಅವನು ತಲೆಗೆ ನೀಲಿ ಬಣ್ಣ ಬಳಿದುಕೊಂಡು ಬಂದಿದ್ದ. ಆ ತಲೆ ಹೊತ್ಕೊಂಡು ನನ್ನ ಕಣ್ಣಿಗೆ ಬೀಳಬೇಡ ಎಂದು ಅವಳು ಕೂಗಾಡಿ, ಬಣ್ಣ ಮಾಸುವ ತನಕ ಮುಖ ಊದಿಸಿಕೊಂಡಿದ್ದಳು. ಅವಳು ಬೆರಳ ತುದಿಯಿಂದ ಆ ಕೂದಲನ್ನು ಮುಟ್ಟಿದಳು. ಬೆರಳಲ್ಲಿ ಸಣ್ಣಗೆ ಚುಚ್ಚಿದಂತಾಯಿತು, ಜೋಮು ಬಿಡುವಾಗ ಆಗುತ್ತದಲ್ಲ, ಹಾಗೆ. ಕೈ ಹಿಂದೆಳೆದುಕೊಂಡಳು.

"ಇನ್ನು ಮುಂದೆ ಬರೋವೆಲ್ಲ ಆ ತೆಳ್ಳನೇದರ ಥರಾನೇನಾ?" ಅವನು ಕೆಲಸದಿಂದ ಕಣ್ಣು ಎತ್ತದೆ ಕೇಳಿದ. ಒಂದೊಂದೇ ಸಂದಿಗೆ ಧೂಳನ್ನು ಇಳಿಸಿ ಸೂಜಿಯಿಂದ ಒತ್ತುತ್ತಿದ್ದ.

"ಹೂಂ. ಧೂಳಿಗೆ ಹೆದರಬೇಕಿಲ್ಲ ಅಂತ ಗೊತ್ತಾಯ್ತು, ವರದಿ ಕೊಟ್ಟಾಯ್ತು. ಮುಂದಿನದಕ್ಕೆ ಇನ್ನೂ ಸಣ್ಣ ಚಿಪ್. ಅದರ ಮುಂದಿನದಕ್ಕೆ ಫ್ಯಾನೇ ಇರಲ್ಲವೇನೋ."

"ಆಗ ನೀನೇನು ಮಾಡ್ತೀಯ?"

"ಫ್ಯಾನಿಲ್ಲದ ಫ್ಯಾನಮ್ಮ ಆಗಿರ್ತೀನಿ."

ಅವನು ಮೂಗಿನಲ್ಲೇ ನಕ್ಕ. ನಗುವಿನ ಗಾಳಿಗೆ ಧೂಳು ಅಲುಗಿತು. ಅವಳು ಅವನ ಬಾಯಿಗೆ ಅಡ್ಡ ಕೈ ಹಿಡಿದಳು. ಎಷ್ಟು ದಿನದ ಮೇಲೆ ಅವನ ಮುಖ ಮುಟ್ಟಿದ್ದಳೋ, ಗಡ್ಡ ಒರಟಾಗಿತ್ತು.

"ಮೊದಲಿನಷ್ಟೇ ಸದ್ದು ಬರುತ್ತೆ ಅಂತ ಹೇಳಲಾರೆ," ಎಂದಳು ಮುಚ್ಚಳ ಹಾಕುತ್ತಾ. "ಎಣ್ಣೆ ಹೊಸದು, ಪೇಸ್ಟ್ ಹೊಸದು. ಬರದೇನೇ ಹೋಗಬೋ‌ದು."

"ನೋಡೋಣ," ಎಂದು ಅವನು ಡಬ್ಬವನ್ನು ಎರಡೂ ಕೈಯಲ್ಲಿ, ಮಲಗಿದ ಮಗುವನ್ನು ಎತ್ತಿದ ಹಾಗೆ ಎತ್ತಿಕೊಂಡು ಕೋಣೆಗೆ ಹೋದ. ಅವಳಿಗೆ ಅಲ್ಲಿ ನಿಲ್ಲಲು ಧೈರ್ಯ ಸಾಲಲಿಲ್ಲ. ಅಡುಗೆಮನೆಗೆ ಹೋಗಿ ಒಲೆ ಹಚ್ಚಿದಳು. ಆಲೂಗಡ್ಡೆ ಹೆಚ್ಚಿದಳು, ಈರುಳ್ಳಿ ಹೆಚ್ಚಿದಳು, ಬೇಕಿಲ್ಲದಿದ್ದರೂ ಇನ್ನೊಂದು ಈರುಳ್ಳಿ ಹೆಚ್ಚಿದಳು. ಗೋಡೆಯಾಚೆ ಏನೂ ಇಲ್ಲ. ಚಿಪ್ ಬಿಸಿಯಾಗಲು ಹೊತ್ತು ಬೇಕು ಎಂದು ತನಗೇ ಹೇಳಿಕೊಂಡಳು. ಬಾಣಲೆಗೆ ಎಣ್ಣೆ ಹಾಕಿದಳು. ಹೆಚ್ಚಿದ್ದನ್ನೆಲ್ಲ ಹಾಕಿ ಕೈಯಾಡಿಸುತ್ತಾ ನಿಂತಳು. ತರಕಾರಿ ಬೆಂದಿತು. ಬೆಂದದ್ದು ಕಾಣದೆ ಇನ್ನೂ ಕೈಯಾಡಿಸಿದಳು.

ಮೊದಲು ನಡುಗಿದ್ದು ಸೌಟು. ಗೋಡೆಗೆ ತೂಗುಹಾಕಿದ್ದು ಪಕ್ಕದ್ದಕ್ಕೆ ತಾಗಿ ಟಿಣ್‌ಟಿಣ್ ಎಂದಿತು. ಆಮೇಲೆ ಗುಂಯ್ ಎಂದು ಸಣ್ಣಗೆ ಎದ್ದು, ಒಂದು ಸಲ ತಡವರಿಸಿ, ಮತ್ತೆ ಏರಿ, ಆ ಹಳೇ ಸದ್ದು ಗೋಡೆ ದಾಟಿ ಅಡುಗೆಮನೆ ತುಂಬಿತು.

"ದೊರೇ, ಊಟಕ್ಕೆ ದಯಮಾಡಿಸ್ತೀರೋ, ಇಲ್ಲ ತಟ್ಟೆ ತೊಳೆದಿಡ್ಲೋ?"

ಕೂಗಿದ್ದು ತಾನೇ ಎಂದು ಅವಳಿಗೆ ಗೊತ್ತಾದದ್ದು ಕೂಗಿಯಾದ ಮೇಲೆ. ಬಾಯಿ ತನ್ನಷ್ಟಕ್ಕೆ ಕೂಗಿಬಿಟ್ಟಿತ್ತು. ಬಾಣಲೆಯ ಮೇಲೆ ಕೈ ಹಾಗೇ ನಿಂತಿತು. ಗೋಡೆಯಾಚೆ ಫ್ಯಾನ್ ಮಾತ್ರ ತಿರುಗುತ್ತಿತ್ತು.

ಸ್ವಲ್ಪ ಹೊತ್ತಿನ ಮೇಲೆ ಆ ಕಡೆಯಿಂದ ಗಂಡನ ದನಿ ಬಂತು, ಒಡೆದು ಚೂರಾಗಿ.

"ಎರಡೇ ನಿಮಿಷ."

ಅವಳು ಒಲೆ ಆರಿಸಿದಳು. ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. ಬೆನ್ನಿಗೆ ಗೋಡೆಯ ನಡುಕ ತಾಗುತ್ತಿತ್ತು. ಹೊಟ್ಟೆಯಿಂದ ಕಿತ್ತುಕೊಂಡು ಬಂದ ಅಳುವನ್ನು ತಡೆಯಲು ಅವಳು ನೋಡಲಿಲ್ಲ. ಎಷ್ಟು ಜೋರಾಗಿ ಬಂತೋ ಅಷ್ಟು ಜೋರಾಗಿ ಅತ್ತಳು. ಎರಡು ನಿಮಿಷ ಯಾವಾಗಲೋ ಕಳೆಯಿತು. ಗಂಡ ಹೊರಗೆ ಬರಲಿಲ್ಲ, ಅವಳೂ ಮತ್ತೆ ಕರೆಯಲಿಲ್ಲ. ಡಬ್ಬದ ಸದ್ದು ದೊಡ್ಡದಿತ್ತು, ಒಬ್ಬರ ಅಳು ಒಬ್ಬರಿಗೆ ಕೇಳಿಸಲಿಲ್ಲ.